ನಿತ್ಯದ ನಾಲ್ಕು ಚಾಕರಿ

1

ದಲಿತ ವಿಮರ್ಶೆಯ ವಿಶೇಷ ಸಂಚಿಕೆಯಲ್ಲಿ ಮೊಬೈಲ್ ಆಟವೊಂದರ ಬಗ್ಗೆ ಬರೆಯಹೊರಟರೆ 'ಇದು ಸಾಹಿತ್ಯವೇ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಈ ಪ್ರಶ್ನೆ ನಮಗೆ ಹೊಸದಲ್ಲ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ 'ಬೂಸಾ' ಎಂಬ ಮಾತನ್ನಾಡಿ ಮಂತ್ರಿ ಪದವಿ ಕಳೆದುಕೊಂಡ ಮೇಲೆ, ಯಾವುದು ಸಾಹಿತ್ಯ ಯಾವುದು ಅಲ್ಲ ಎಂದು ತೂಗುವ ತಕ್ಕಡಿ ಯಾರ ಕೈಯಲ್ಲಿದೆ ಎಂದು ಕೇಳುವುದನ್ನು ಹಿಂದಿನ ತಲೆಮಾರು ನಮಗೆ ಕಲಿಸಿಕೊಟ್ಟಿದೆ.

ನಾನು ದೇವದುರ್ಗ ತಾಲ್ಲೂಕಿನವನು. ರಾಯಚೂರಿನಲ್ಲಿ ಕೋಣೆ ಮಾಡಿಕೊಂಡು, ಮಾನ್ವಿಯ ಕಾಲೇಜೊಂದಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿ ಕನ್ನಡ ಪಾಠ ಹೇಳುವ ಅತಿಥಿ ಉಪನ್ಯಾಸಕ. ನನ್ನ ವಿದ್ಯಾರ್ಥಿಗಳಲ್ಲಿ ವರ್ಷಕ್ಕೊಂದು ಕಾದಂಬರಿ ಓದದವರೂ ಒಂದು ಕಥೆಯೊಳಗೆ ನೂರಾರು ತಾಸು ಕಳೆದಿದ್ದಾರೆ. ಆ ಕಥೆಯನ್ನೇ ಓದದ ವಿಮರ್ಶೆ ಅವರ ಸಂವೇದನೆಯ ಬಗ್ಗೆ ಏನು ಮಾತಾಡೀತು?

ಆಟದ ಹೆಸರು ಗೆನ್‌ಶಿನ್ ಇಂಪ್ಯಾಕ್ಟ್. ಚೀನಾದ ಶಾಂಘೈ ನಗರದ ಮಿಹೋಯೋ ಕಂಪನಿ 2020ರ ಸೆಪ್ಟೆಂಬರಿನಲ್ಲಿ ಹೊರತಂದದ್ದು. ಅದೇ ತಿಂಗಳು ಭಾರತ ಸರ್ಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿತ್ತು. ಕೊರೋನಾದಿಂದ ಹಾಸ್ಟೆಲುಗಳು ಮುಚ್ಚಿದ್ದವು. ನಮ್ಮ ಕೇರಿಯ ಹುಡುಗರ ಕೈಯಲ್ಲಿ ಹೊತ್ತೂ ಇತ್ತು, ಫೋನೂ ಇತ್ತು. ನನ್ನ ತಮ್ಮ ಬೆಂಗಳೂರಿನಲ್ಲಿ ಗೌಂಡಿ ಕೆಲಸ ಮಾಡಿ, ಕಂತಿನ ಮೇಲೆ ಒಳ್ಳೆಯ ಫೋನು ಕೊಂಡು ಈ ಆಟ ಹಿಡಿದ. ಲಾಕ್‌ಡೌನ್ ಮುಗಿದು ಮತ್ತೆ ಕೆಲಸಕ್ಕೆ ಹೊರಟಾಗ ಅವನಿಗೆ ಆಡಲು ಬಿಡುವು ಉಳಿಯಲಿಲ್ಲ. 'ಅಣ್ಣಾ, ನನ್ನ ಡೇಲಿ ಅಷ್ಟು ಮಾಡಿ ಬಿಡು. ಒಂದು ದಿನ ತಪ್ಪಿದ್ರ ಅಂದಿಂದು ಹೋದಂಗ' ಅಂದ. ಹಾಗೆ ಅವನ ಖಾತೆ ನನ್ನ ಫೋನಿಗೆ ಬಂತು. ಮಾನ್ವಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ನಾನು ತಮ್ಮನ ದಿನಗೂಲಿ ಮಾಡತೊಡಗಿದೆ.

2

ಈ ಬಗೆಯ ಆಟದಲ್ಲಿ ನಾವು ಒಂದು ಪಾತ್ರವನ್ನು ತೊಟ್ಟು ಕಲ್ಪಿತ ನಾಡಿನಲ್ಲಿ ತಿರುಗುತ್ತೇವೆ. ಎದುರಾದವರು ಕೆಲಸ ಹೇಳುತ್ತಾರೆ, ಮಾಡಿಕೊಟ್ಟರೆ ಪ್ರತಿಫಲ. ಇಂಥ ಕೆಲಸಕ್ಕೆ ಕ್ವೆಸ್ಟ್ ಎಂದು ಹೆಸರು. ಗೆನ್‌ಶಿನ್‌ನಲ್ಲಿ ದೊಡ್ಡ ಕಥೆಯ ಕ್ವೆಸ್ಟ್‌ಗಳಲ್ಲದೆ ದಿನಾ ನಾಲ್ಕು ಸಣ್ಣ ಕೆಲಸಗಳಿರುತ್ತವೆ. ಬುತ್ತಿ ಮುಟ್ಟಿಸು, ಕಳೆದದ್ದನ್ನು ಹುಡುಕು, ಸಾಮಾನಿಗೆ ಕಾವಲಾಗು, ಗುಡ್ಡದ ಮಗ್ಗುಲಲ್ಲಿ ಬೀಡುಬಿಟ್ಟವರನ್ನು ಹೊಡೆ. ಇವನ್ನೇ ಅದಲುಬದಲು ಮಾಡಿ ಕೊಡುತ್ತಾರೆ. ನಾನು ಆಡುತ್ತಿದ್ದ ದಿನಗಳ ಲೆಕ್ಕ ಹೀಗಿತ್ತು: ಒಂದೊಂದು ಕೆಲಸಕ್ಕೆ 10 ಹರಳು, ನಾಲ್ಕೂ ಮುಗಿಸಿ ಸಂಘದ ಗುಮಾಸ್ತೆಗೆ ವರದಿ ಒಪ್ಪಿಸಿದರೆ ಮತ್ತೆ 20. ದಿನಕ್ಕೆ 60. ಹೊಸ ಪಾತ್ರಕ್ಕಾಗಿ ಒಂದು ಚೀಟಿ ಎತ್ತಲು 160 ಹರಳು ಬೇಕು. ಉತ್ತಮ ದರ್ಜೆಯ ಪಾತ್ರ 90ನೆಯ ಚೀಟಿಗೆ ಖಾತ್ರಿ. ಮೊದಲೇ ಬಂದರೆ ನಸೀಬು. ಬರೀ ಈ ಕೂಲಿಯನ್ನೇ ನಂಬಿದವನು 90 ಚೀಟಿ ಎತ್ತಲು 240 ದಿನ ದುಡಿಯಬೇಕು. ದುಡ್ಡಿದ್ದವನು ಒಂದೇ ಸಂಜೆ ಹರಳು ಕೊಂಡುಬಿಡುತ್ತಾನೆ. ಏಷ್ಯಾದ ಸರ್ವರಿನಲ್ಲಿ ಆಡುವವರಿಗೆ ನಮ್ಮ ಗಡಿಯಾರದ ರಾತ್ರಿ ಒಂದೂವರೆಗೆ ಹಳೆಯ ದಿನ ಮುಗಿದು ಹೊಸ ನಾಲ್ಕು ಕೆಲಸ ಬಂದು ಕೂಡುತ್ತವೆ. ಮಾಡದೆ ಬಿಟ್ಟ ಕೆಲಸ ಬಾಕಿ ಉಳಿಯುವುದಿಲ್ಲ, ಅಳಿದುಹೋಗುತ್ತದೆ.

ಇದನ್ನು ಮಾಡುತ್ತಾ ನನಗೆ ನೆನಪಾದವನು ನಮ್ಮ ಮುತ್ಯಾ. ಅವನು ಊರಿನ ವಾಲಿಕಾರ. ಗೌಡರ ಮನೆಯ ಕಾಗದ ಕಚೇರಿಗೆ ಒಯ್ಯುವುದು, ಊರಲ್ಲಿ ಯಾರು ಸತ್ತರೂ ಬೀಗರ ಊರಿಗೆ ನಡೆದು ಸುದ್ದಿ ಮುಟ್ಟಿಸುವುದು, ಬಂದ ಅಧಿಕಾರಿಯ ಕುದುರೆಗೆ ಹುಲ್ಲು ಹಾಕುವುದು. ಪ್ರತಿಫಲವಾಗಿ ಸುಗ್ಗಿಯಲ್ಲಿ ಆಯದ ಜೋಳ, ಹಬ್ಬಕ್ಕೆ ಮೇಲಿನಿಂದ ಬಿಡುವ ರೊಟ್ಟಿ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಹುದ್ದೆ ಹೋಯಿತು, ಚಾಕರಿ ಹೋಗಲಿಲ್ಲ. ನಮ್ಮ ಭಾಗದ ಬಂಡಾಯ ಕವಿ ಚೆನ್ನಣ್ಣ ವಾಲೀಕಾರರ ಅಡ್ಡಹೆಸರಿನಲ್ಲೂ ಇದೇ ಚಾಕರಿಯ ನೆನಪಿದೆ.

ಹಾಗಾದರೆ ಮುತ್ಯಾ ಬಿಡಿಸಿಕೊಳ್ಳಲು ಹೆಣಗಿದ ಕೆಲಸವನ್ನು ಮೊಮ್ಮಕ್ಕಳು ಕಾಸು ಕೊಟ್ಟು ಡೇಟಾ ಹಾಕಿಸಿಕೊಂಡು ಯಾಕೆ ಮಾಡುತ್ತಾರೆ? ಬಂಡವಾಳಶಾಹಿಯ ಅಫೀಮು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ನನ್ನ ಒಬ್ಬ ವಿದ್ಯಾರ್ಥಿ ಹೇಳಿದ್ದನ್ನು ಕೇಳಿ: 'ಅಲ್ಲಿ ಯಾರೂ ನೀ ಯಾವ ಓಣ್ಯಾಂವ ಅಂತ ಕೇಳಂಗಿಲ್ರಿ ಸರ. ಎಲ್ಲಾರ ಮನಿ ಒಳಗೂ ಹೋಗಬಹುದು. ಬುತ್ತಿ ಕೊಟ್ರ ಕೈ ಮುಟ್ಟಿ ಇಸಗೋತಾರ, ಥ್ಯಾಂಕ್ಸ್ ಅಂತಾರ.' ರಾಯಚೂರಿನಲ್ಲಿ ಬಾಡಿಗೆ ಕೋಣೆ ಹುಡುಕುವಾಗ 'ನಿಮ್ಮ ಅಡ್ಡಹೆಸರೇನ್ರಿ?' ಎಂಬ ಪ್ರಶ್ನೆಗೆ ನಾಲ್ಕು ಬಾಗಿಲಲ್ಲಿ ನಿಂತು ಬಂದವನು ನಾನು. ಆ ಹುಡುಗನ ಮಾತನ್ನು ಭ್ರಮೆ ಎನ್ನುವ ಧೈರ್ಯ ನನಗಿಲ್ಲ. ಮುತ್ಯಾನ ಚಾಕರಿಗೆ ಸಿಗದೇ ಹೋದ ಮರ್ಯಾದೆ ಈ ಚಾಕರಿಗೆ ಸಿಗುತ್ತಿದೆ. ಈ ಆಟದ ಬಲ ಇರುವುದು ಇಲ್ಲಿಯೇ. ಅದರ ಮೋಸವೂ ಇಲ್ಲಿಂದಲೇ ಶುರುವಾಗುತ್ತದೆ.

3

ಆಟದ ಕಥೆ ಸ್ನೇಹದ ಕಥೆ. ನಾಯಕ ಊರೂರು ತಿರುಗಿ ಎಲ್ಲರನ್ನೂ ಗೆಳೆಯರನ್ನಾಗಿ ಮಾಡಿಕೊಳ್ಳುತ್ತಾನೆ. ಆದರೆ ಕಥೆಯ ಕೆಳಗೆ ಒಂದು ಲೆಕ್ಕವಿದೆ. ಪ್ರತಿ ಪಾತ್ರಕ್ಕೂ ಹುಟ್ಟಿನಲ್ಲೇ ನಕ್ಷತ್ರಗಳಿವೆ: ನಾಲ್ಕು ಅಥವಾ ಐದು. ಮೊಟ್ಟಮೊದಲು ನಮಗೆ ಜೊತೆಯಾಗುವ ಆಂಬರ್ ಎಂಬ ಗಡಿಗಾವಲಿನ ಹುಡುಗಿಗೆ ನಾಲ್ಕು. ಅವಳಿಗೆ ಎಷ್ಟೇ ವಿದ್ಯೆ ಕಲಿಸಿ, ಎಂಥ ಆಯುಧ ಕೊಡಿಸಿ, ಮಟ್ಟವನ್ನು ಎಲ್ಲಿಗೇ ಏರಿಸಿ, ಅವಳು ನಾಲ್ಕು ನಕ್ಷತ್ರದವಳೇ. ಐದನೆಯದು ದುಡಿಮೆಯಿಂದ ಬರುವುದಲ್ಲ.

ನಾನು ಪಾಠ ಹೇಳುವ ಮಾನ್ವಿ ದಾಸ ಸಾಹಿತ್ಯಕ್ಕೆ ಹೆಸರಾದ ಊರು. ಹದಿನೆಂಟನೆಯ ಶತಮಾನದ ಜಗನ್ನಾಥದಾಸರು ಬಾಳಿದ ನೆಲ. ಅವರ 'ಹರಿಕಥಾಮೃತಸಾರ' ಮಾಧ್ವ ತತ್ವವನ್ನು ಕನ್ನಡದ ಷಟ್ಪದಿಗೆ ತಂದ ಗ್ರಂಥ. ಇವತ್ತು ನಾವು ಅನ್ಯಾಯ ಎಂಬ ಅರ್ಥದಲ್ಲಿ ಬಳಸುವ 'ತಾರತಮ್ಯ' ಎಂಬ ಪದ ಅಲ್ಲಿ ಸಿದ್ಧಾಂತದ ಪದ. ಜೀವಜೀವಗಳಿಗೆ ಸ್ವಭಾವದಲ್ಲೇ ಮೇಲುಕೀಳಿನ ಶ್ರೇಣಿಯಿದೆ, ಅದು ಮುಕ್ತಿಯಲ್ಲಿಯೂ ಅಳಿಯುವುದಿಲ್ಲ ಎಂಬುದು ಆ ಮತದ ನಿಲುವು. ಅದು ಜಾತಿಯ ಶಾಸ್ತ್ರವಲ್ಲ, ಜೀವದ ಶಾಸ್ತ್ರ ಎಂದು ವಾದಿಸುವವರಿದ್ದಾರೆ. ಇರಲಿ. ನನಗಿಲ್ಲಿ ಮುಖ್ಯವಾದದ್ದು ಬೇರೆ. ದಾಸರು ಬಳಸಿದ ಭಾಷೆ ಎಲ್ಲರ ಕನ್ನಡ. ಅದರೊಳಗೆ ಸಾಗಿಬಂದ ಲೆಕ್ಕ ಶ್ರೇಣಿಯದು. ಇದೇ ಬಿರುಕು ಶಾಂಘೈನಿಂದ ಬಂದ ಆಟದಲ್ಲಿಯೂ ಇದೆ. ಅಂಬೇಡ್ಕರ್ ಅವರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದು ವಿವರಿಸಿದಾಗ ತೋರಿಸಿಕೊಟ್ಟದ್ದು ಇದನ್ನು: ಮೆಟ್ಟಿಲ ಮೇಲೆ ನಿಂತ ಪ್ರತಿಯೊಬ್ಬನಿಗೂ ತನಗಿಂತ ಕೆಳಗೆ ಒಬ್ಬ ಸಿಗುವುದರಿಂದ ಮೆಟ್ಟಿಲನ್ನೇ ಕಿತ್ತೊಗೆಯುವ ಸಿಟ್ಟು ಒಟ್ಟುಗೂಡುವುದಿಲ್ಲ.

ಆಟದಲ್ಲಿ ಆ ಕಟ್ಟಕಡೆಯ ಮೆಟ್ಟಿಲಲ್ಲಿ ಇರುವವರು ಹಿಲಿಚರ್ಲ್‌ಗಳು.

4

ಹಿಲಿಚರ್ಲ್‌ಗಳು ಊರ ಹೊರಗೆ ಗುಡಿಸಲು ಹಾಕಿಕೊಂಡು ಬದುಕುವ ಮುಖವಾಡದ ಜನ. ಬೆಂಕಿ ಸುತ್ತ ಕುಣಿಯುತ್ತಾರೆ, ತಮ್ಮದೇ ಒಂದು ಮಾತು ಆಡುತ್ತಾರೆ. ಆಟದ ಮೊದಲ ದಿನದಿಂದ ನಾವು ಇವರನ್ನು ಕೊಲ್ಲುತ್ತೇವೆ. ಸತ್ತವನ ಮುಖವಾಡ ನಮಗೆ ಸಿಗುತ್ತದೆ. ನಮ್ಮ ಪಾತ್ರಗಳ ವಿದ್ಯೆ ಬೆಳೆಸಲು ಆ ಮುಖವಾಡಗಳು ಬೇಕು. ದಿನ ಕಳೆದರೆ ಅದೇ ಜಾಗದಲ್ಲಿ ಅದೇ ಗುಡಿಸಲ ಮುಂದೆ ಮತ್ತೆ ಹುಟ್ಟಿ ನಿಂತಿರುತ್ತಾರೆ. ಇವರ ಹಾಡು, ಆಚಾರಗಳ ಮೇಲೆ ವಿದ್ವಾಂಸನೊಬ್ಬ ಬರೆದ ಪುಸ್ತಕಗಳು ಆಟದೊಳಗೆ ಓದಲು ಸಿಗುತ್ತವೆ. ಅವರ ಭಾಷೆ ಕಲಿಯಬೇಕೆಂದು ಆಸೆಪಡುವ ಹುಡುಗಿಯೊಬ್ಬಳಿಗೆ ನೆರವಾಗುವುದೂ ದಿನದ ನಾಲ್ಕು ಕೆಲಸಗಳಲ್ಲಿ ಒಂದಾಗಿ ಬರುವುದುಂಟು. ಅವತ್ತೇ ಇನ್ನೊಂದು ಕೆಲಸ ಅವರ ಬೀಡನ್ನು ಒರೆಸಿಹಾಕುವುದಾಗಿರಬಹುದು. ನಮ್ಮ ಕೇರಿಗಳಿಗೆ ಟೇಪ್ ರೆಕಾರ್ಡರ್ ಹಿಡಿದು ಬಂದು ಹಾಡು ಬರೆದುಕೊಂಡು, ನೀರು ಕುಡಿಯದೆ ಹೋದ ಜಾನಪದ ವಿದ್ವಾಂಸರ ಕಥೆಗಳು ಅಪ್ಪನ ಬಾಯಲ್ಲಿ ಇನ್ನೂ ಇವೆ.

2022ರಲ್ಲಿ ಬಂದ ಒಂದು ಅಧ್ಯಾಯದಲ್ಲಿ ಕಥೆ ಹೊರಳುತ್ತದೆ. ಐನೂರು ವರ್ಷಗಳ ಹಿಂದೆ ಖೇನ್ರಿಯಾ ಎಂಬ ನಾಡೊಂದಿತ್ತು. ಅದಕ್ಕೆ ದೇವರ ಹಂಗಿರಲಿಲ್ಲ. ದೇವರುಗಳು ಆ ನಾಡನ್ನು ಹಾಳುಗೆಡವಿದರು. ಅಲ್ಲಿಯ ಜನ ಶಾಪಕ್ಕೆ ಸಿಕ್ಕಿ ರೂಪಗೆಟ್ಟರು. ತಮ್ಮ ಮುಖವನ್ನು ತಾವೇ ನೋಡಿಕೊಳ್ಳಲಾರದೆ ಮುಖವಾಡ ಹಾಕಿಕೊಂಡ ಆ ಮನುಷ್ಯರೇ ಹಿಲಿಚರ್ಲ್‌ಗಳು. ನಾಯಕನ ಕಳೆದುಹೋದ ಒಡಹುಟ್ಟು ಈಗ ಈ ಜನರ ಪಕ್ಷದಲ್ಲಿ ನಿಂತಿದೆ ಎಂಬುದು ಅದಕ್ಕೂ ಒಂದು ವರ್ಷ ಮೊದಲೇ ಬಯಲಾಗಿತ್ತು. ನಮ್ಮ ಪುರಾಣಗಳಲ್ಲಿ ಅಸುರರೆಂದು ಕರೆಸಿಕೊಂಡವರು ಯಾರು ಎಂದು ಫುಲೆಯವರು ಕೇಳಿದ ಪ್ರಶ್ನೆಯ ಹತ್ತಿರಕ್ಕೆ ಒಂದು ವ್ಯಾಪಾರಿ ಆಟ ತಾನಾಗಿ ಬಂದು ನಿಂತದ್ದು ಕಂಡು ನನಗೆ ಮೈ ಜುಮ್ಮೆಂದಿತು. ಆ ಅಧ್ಯಾಯ ಆಡಿ ಮುಗಿಸಿದಾಗ ರಾತ್ರಿ ಒಂದು ಗಂಟೆ. ಫೋನು ಇಟ್ಟು ಮಲಗಲಾಗಲಿಲ್ಲ.

ಒಂದೂವರೆಗೆ ಹೊಸ ನಾಲ್ಕು ಕೆಲಸ ಬಂದವು. ಎರಡನೆಯದು: ಬೀಡುಬಿಟ್ಟ ಹಿಲಿಚರ್ಲ್‌ಗಳನ್ನು ಹೊಡೆ. ಮಾಡಿದೆ. ಮಾಡಿ ಮುಗಿಸಿದ ಮೇಲೆ ನಾನು ಏನು ಮಾಡಿದೆ ಎಂಬುದು ಹೊಳೆಯಿತು.

ಮರುದಿನ ಕಾಲೇಜಿನಲ್ಲಿ ಆ ವಿದ್ಯಾರ್ಥಿಯನ್ನು ಕೇಳಿದೆ. 'ಅಳು ಬಂತ್ರಿ ಸರ, ಖರೇ ಹೇಳ್ತೀನಿ' ಅಂದ. ಆಮೇಲೆ? 'ಆಮ್ಯಾಲೇನ್ರಿ, ಹೊಡದೆ. ಮುಖವಾಡ ಬೇಕಿತ್ತಲ್ರಿ.'

5

ಈ 'ಬೇಕಿತ್ತಲ್ರಿ' ಎಂಬ ಮಾತನ್ನು ನಮ್ಮ ವಿಮರ್ಶೆ ಇನ್ನೂ ಸರಿಯಾಗಿ ಎದುರಿಸಿಲ್ಲ. ನಾವು ಕಥೆಯನ್ನು ಓದುತ್ತಾ ಬಂದವರು. ಕಥೆಯಲ್ಲಿ ನಮ್ಮವರಿದ್ದಾರೆಯೇ, ಇದ್ದರೆ ಹೇಗೆ ಕಾಣಿಸಿದ್ದಾರೆ ಎಂದು ಕೇಳಿದವರು. ಅದು ಕೇಳಲೇಬೇಕಾದ ಪ್ರಶ್ನೆ. 2024ರಲ್ಲಿ ಇದೇ ಆಟದಲ್ಲಿ ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಸಂಸ್ಕೃತಿಯಿಂದ ಎತ್ತಿಕೊಂಡು ಕಟ್ಟಿದ ನಟ್ಲಾನ್ ಎಂಬ ನಾಡಿನ ಪಾತ್ರಗಳಿಗೆ ಬಿಳಿ ಮೈಬಣ್ಣ ಬಳಿದಾಗ ಜಗತ್ತಿನ ಹಲವು ಕಡೆ ಆಟಗಾರರು ಪ್ರತಿಭಟಿಸಿದರು. ಅವರು ಕೇಳಿದ್ದು ನ್ಯಾಯ. ಆದರೆ ಆ ಪಾತ್ರಗಳ ಬಣ್ಣ ಬದಲಾದರೂ ಅವು ಮುಂಜಾನೆ ಎದ್ದು ಹೊಡೆಯುವುದು ಅದೇ ಮುಖವಾಡದವರನ್ನು.

ಕಥೆ ಸತ್ಯ ಹೇಳಿಬಿಟ್ಟರೆ ಸಾಕು, ಓದುಗ ಬದಲಾಗುತ್ತಾನೆ ಎಂಬ ನಂಬಿಕೆಯ ಮೇಲೆ ನಮ್ಮ ಬಹುಪಾಲು ಸಾಹಿತ್ಯ ನಿಂತಿದೆ. ಈ ಆಟ ಸತ್ಯ ಹೇಳಿತು, ಅಳಿಸಿತು, ಅರ್ಧ ತಾಸಿನೊಳಗೆ ಮತ್ತೆ ಕೆಲಸಕ್ಕೆ ಹಚ್ಚಿತು. ನಮ್ಮ ಊರುಗಳಲ್ಲಿಯೂ ನಡೆಯುವುದು ಇದೇ ಅಲ್ಲವೇ? ಅಸ್ಪೃಶ್ಯತೆ ಅಪರಾಧ ಎಂದು ಶಾಲೆಯ ಗೋಡೆಯ ಮೇಲೆ ಬರೆದಿದೆ. ಏಪ್ರಿಲ್ 14ರಂದು ಭಾಷಣ ಕೇಳಿ ಕಣ್ಣು ಒದ್ದೆ ಮಾಡಿಕೊಂಡವರಿದ್ದಾರೆ. ಅವತ್ತೇ ಸಂಜೆ ಚಹಾದ ಅಂಗಡಿಯಲ್ಲಿ ಬೇರೆ ಕಪ್ಪು ಹೊರಬರುತ್ತದೆ. ಜಾತಿ ಬದುಕಿರುವುದು ಜನ ಅದನ್ನು ನಂಬುತ್ತಾರೆಂದಲ್ಲ, ದಿನಾ ಮಾಡುತ್ತಾರೆಂದು. ಆದ್ದರಿಂದ ದಲಿತ ವಿಮರ್ಶೆ ಕೃತಿಯ ಕಥೆಯನ್ನಷ್ಟೇ ಅಲ್ಲ, ಆ ಕೃತಿ ತನ್ನ ಓದುಗನ ಕೈಯಿಂದ ನಿತ್ಯ ಮಾಡಿಸುವ ಕೆಲಸವನ್ನೂ ಓದಬೇಕು. ಯಾವುದಕ್ಕೆ ಕೂಲಿ ಕೊಡುತ್ತದೆ, ಯಾವುದನ್ನು ಬಿಟ್ಟರೆ ದಂಡ ಹಾಕುತ್ತದೆ ಎಂದು ಲೆಕ್ಕ ತೆಗೆಯಬೇಕು. ಈ ಮಾತು ಆಟಕ್ಕೆ ಮಾತ್ರವಲ್ಲ, ಕಾವ್ಯಕ್ಕೂ, ಪಠ್ಯಪುಸ್ತಕಕ್ಕೂ, ಜಾತ್ರೆಗೂ ಸಲ್ಲುತ್ತದೆ.

ಆ ರಾತ್ರಿಯ ನಂತರ ಮುಖವಾಡದವರನ್ನು ಹೊಡೆಯುವ ಕೆಲಸ ಬಂದ ದಿನ ಅದೊಂದನ್ನು ಬಿಡತೊಡಗಿದೆ. ಆಗ ನಾಲ್ಕರಲ್ಲಿ ಒಂದು ಬಿಟ್ಟರೂ ಕೊನೆಯ 20 ಸಿಗುತ್ತಿರಲಿಲ್ಲ. ತಮ್ಮ ಫೋನು ಮಾಡಿದ: 'ಯಾಕಣ್ಣಾ, ಮೂವತ್ತು ಹರಳು ಹೋದ್ವಲ್ಲ?' ಕಾರಣ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. 'ನೀ ಒಬ್ಬಾಂವ ಬಿಟ್ರ ಏನಾತು? ನಾಳೆ ಅವ್ರು ಮತ್ತ ಅಲ್ಲೇ ಇರ್ತಾರ' ಅಂದ.

ಅವನು ಹೇಳಿದ್ದು ಸರಿ. ಈ ಆಟದಲ್ಲಿ ಪ್ರತಿ ಆಟಗಾರನಿಗೂ ಅವನದೇ ಬೇರೆ ಲೋಕ. ನಾಲ್ಕು ಮಂದಿಯವರೆಗೆ ಒಬ್ಬರ ಲೋಕದಲ್ಲಿ ಸೇರಬಹುದು, ಕೂಡಿ ಹೊಡೆಯಬಹುದು. ಕೂಡಿ ನಿಲ್ಲಿಸಲು ಅಲ್ಲಿ ದಾರಿಯಿಲ್ಲ. 2021ರಲ್ಲಿ ಮೊದಲ ವಾರ್ಷಿಕೋತ್ಸವದ ಉಡುಗೊರೆ ಕಡಿಮೆಯಾಯಿತೆಂದು ಆಟಗಾರರು ಗೂಗಲ್ ಪ್ಲೇನಲ್ಲಿ ಒಂದೇ ನಕ್ಷತ್ರ ಕೊಟ್ಟು ಮುತ್ತಿಗೆ ಹಾಕಿದಾಗ ಕಂಪನಿ ಮಣಿದು ಹೆಚ್ಚಿನ ಹರಳು ಹಂಚಿತು. ಆ ಒಗ್ಗಟ್ಟು ಕೂಡಾ ಆಟದ ಹೊರಗೆ ಕಟ್ಟಿದ್ದೇ. ಕೂಲಿ ಏರಿತು, ಕೆಲಸ ಅದೇ ಉಳಿಯಿತು.

ಕಳೆದ ಯುಗಾದಿಗೆ ಊರಿಗೆ ಹೋದಾಗ ಅಪ್ಪನನ್ನು ಕೇಳಿದೆ. ಅಪ್ಪನ ಹರೆಯದಲ್ಲಿ ನಮ್ಮ ಕೇರಿಯವರು ಸುದ್ದಿ ಒಯ್ಯುವುದು, ಸತ್ತ ದನ ಎಳೆಯುವುದು, ಹಲಗೆ ಬಾರಿಸುವುದು ಎಲ್ಲವನ್ನೂ ಒಂದೇ ದಿನ ಬಿಟ್ಟಿದ್ದರು. ಬಿಟ್ಟ ಮೇಲೆ ಏನಾಯಿತು ಎಂದೆ.

'ಏನಾಗ್ತದ? ಮೂರು ತಿಂಗಳು ಹಿಟ್ಟಿನ ಗಿರಣಿಗಿ ಬಿಡಲಿಲ್ಲ. ಹೊಲದಾಗ ಕಾಲಿಡಗೊಡಲಿಲ್ಲ. ನಿಮ್ಮವ್ವ ಬೀಸೋ ಕಲ್ಲು ಮತ್ತ ಹೊರಗ ತಗದ್ಲು.'

'ಹೆಂಗ ತಡಕೊಂಡ್ರಿ?'

'ಒಬ್ಬಾಂವ ಬಿಟ್ಟಿದ್ರ ಆಗ್ತಿರಲಿಲ್ಲಪ. ಇಪ್ಪತ್ತೇಳು ಮನಿನೂ ಒಂದೇ ದಿನ ಬಿಟ್ವಿ.'