ಎರಡು ಗ್ರಾಂ ಎಣ್ಣೆಯ ಸಾಬೂನೀಕರಣ: ಒಂದು ಪ್ರಯೋಗಪಾಠದ ವಿಮರ್ಶೆ

ಪ್ರಯೋಗಶಾಲೆಯ ಕೈಪಿಡಿಯನ್ನು ಗದ್ಯವೆಂದು ಎಣಿಸಿ ವಿಮರ್ಶಿಸುವ ವಾಡಿಕೆ ನಮ್ಮಲ್ಲಿಲ್ಲ. ಆದರೆ ವಿದ್ಯಾರ್ಥಿಯು ಅದರ ಒಂದೊಂದು ವಾಕ್ಯವನ್ನೂ ಆಜ್ಞೆಯಂತೆ ಪಾಲಿಸುವುದರಿಂದ ಅದರ ದೋಷವು ಕಾವ್ಯದೋಷಕ್ಕಿಂತ ಹೆಚ್ಚು ಹಾನಿಕರ. ಸಾವಯವ ರಸಾಯನದ ಮೊದಲ ಪಾಠಗಳಲ್ಲೊಂದಾದ ಸಾಬೂನೀಕರಣವನ್ನೇ ಪರೀಕ್ಷಿಸೋಣ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಕಡಲೆಕಾಯಿಯ ಸೀಮೆ. ಪ್ರಯೋಗಕ್ಕೆ ಬೇಕಾದ ಎಣ್ಣೆ ಅಲ್ಲಿ ಮನೆಯ ವಸ್ತು.

ಪಾಠದ ಕ್ರಮ ಸರಳವಾಗಿದೆ. 2 ಗ್ರಾಂ ಕಡಲೆಕಾಯಿ ಎಣ್ಣೆಯನ್ನು, ಮದ್ಯಸಾರದಲ್ಲಿ ಕರಗಿಸಿದ ದಾಹಕ ಸೋಡದೊಡನೆ, ಆವಿಯು ತಣಿದು ಮರಳಿ ಇಳಿಯುವಂತೆ ಸಾಂದ್ರಕವನ್ನು ಜೋಡಿಸಿ ಜಲತಾಪಕದ ಮೇಲೆ ಕಾಯಿಸುವುದು. ಬಳಿಕ ಉಪ್ಪಿನ ದ್ರಾವಣದಿಂದ ಸಾಬೂನನ್ನು ಬೇರ್ಪಡಿಸುವುದು. ಈ ಎಣ್ಣೆಯ ಸಾಬೂನೀಕರಣ ಸಂಖ್ಯೆ ಸುಮಾರು 190 ಆದುದರಿಂದ 0.27 ಗ್ರಾಂ ಸೋಡ ಸಾಕು. ಕ್ರಿಯೆ ಪೂರ್ಣವಾಗಲೆಂದು ಹೆಚ್ಚಾಗಿಯೇ ಹಾಕುತ್ತಾರೆ. ಇಷ್ಟರಲ್ಲಿ ನಮಗೆ ಆಕ್ಷೇಪವಿಲ್ಲ.

ಆಕ್ಷೇಪವಿರುವುದು ಮುಂದಿನ ವಾಕ್ಯಕ್ಕೆ. ಒಂದು ಹನಿಯನ್ನು ಬೆಚ್ಚನೆಯ ನೀರಿಗೆ ಹಾಕಿದಾಗ ತಿಳಿಯಾಗಿ ಕರಗಿದರೆ ಕ್ರಿಯೆ ಮುಗಿಯಿತೆಂದು ತಿಳಿಯತಕ್ಕದ್ದು ಎಂದಷ್ಟೇ ಪಾಠವು ಹೇಳುತ್ತದೆ. ಯಾವ ನೀರು? ಪಾವಗಡ, ಶಿರಾ ಭಾಗದ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ಕರಗದ ಗಸಿಯಾಗುತ್ತವೆ. ಹನಿ ಬಿದ್ದೊಡನೆ ನೀರು ಕದಡುತ್ತದೆ. ಕ್ರಿಯೆ ಎಂದೋ ಮುಗಿದಿದ್ದರೂ ವಿದ್ಯಾರ್ಥಿಯು ಆ ಕದಡನ್ನು ಉಳಿದ ಎಣ್ಣೆಯೆಂದು ಭ್ರಮಿಸಿ ಮತ್ತೆ ಮತ್ತೆ ಕಾಯಿಸುತ್ತಾನೆ. 'ಬಟ್ಟಿಯಿಳಿಸಿದ' ಎಂಬ ಒಂದೇ ವಿಶೇಷಣದ ಕೊರತೆಯಿಂದ ಸತ್ಯದ ಕುರುಹೇ ಸುಳ್ಳಾಗುತ್ತದೆ.

ಎರಡನೆಯದು ತೂಕದ ಮಾತು. ಲೆಕ್ಕದಂತೆ 2 ಗ್ರಾಂ ಎಣ್ಣೆಗೆ ಅದಕ್ಕಿಂತ ತುಸು ಹೆಚ್ಚು ಸಾಬೂನು ದೊರೆಯಬೇಕು. ಗಾಜಿಗೆ ಅಂಟಿ 0.1 ಗ್ರಾಂ ಉಳಿದರೂ ನಷ್ಟ ನೂರಕ್ಕೆ ಐದು. 200 ಗ್ರಾಂ ಎಣ್ಣೆಯಲ್ಲಿ ಅದು ಗಣನೆಗೇ ಬಾರದು. ಸಾಬೂನನ್ನು ಒಣಗಿಸದೆ ತೂಗಿದರೆ ಲೆಕ್ಕವನ್ನು ಮೀರಿಯೂ ಬಂದೀತು. ಅಲ್ಪ ಪ್ರಮಾಣದ ಈ ಸ್ವಭಾವವನ್ನು ಪಾಠವು ಹೇಳದಿರುವಾಗ ವಿದ್ಯಾರ್ಥಿಯು ತನ್ನ ಕೈಯನ್ನೇ ದೂರಿ, ಪುಸ್ತಕಕ್ಕೆ ಒಪ್ಪುವ ಅಂಕಿಯನ್ನು ಬರೆದಿಡುತ್ತಾನೆ. ಶಾಸ್ತ್ರಶಿಕ್ಷಣದಲ್ಲಿ ಮೊದಲ ಅಸತ್ಯವು ಹುಟ್ಟುವುದು ಇಲ್ಲಿಯೇ.

ಇದು ಕನ್ನಡದ ಅಶಕ್ತಿಯೆನ್ನುವಂತಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಮೊದಲಾದವರು 1918ರಲ್ಲಿ ಆರಂಭಿಸಿದ 'ವಿಜ್ಞಾನ' ಪತ್ರಿಕೆಯೇ ಶಾಸ್ತ್ರವಿಷಯಕ್ಕೆ ತಿಳಿಗನ್ನಡ ಸಾಲುವುದೆಂದು ತೋರಿಸಿತು. ಕೊರತೆಯಿರುವುದು ಭಾಷೆಯಲ್ಲಲ್ಲ, ಓದುವವನ ಊರಿನ ನೀರನ್ನು ನೆನೆಯದ ಬರೆವಣಿಗೆಯಲ್ಲಿ. ಪ್ರಯೋಗಪಾಠವು ನಿಜವಾದ ಕುರುಹಿನೊಡನೆ ಅದನ್ನು ಹೋಲುವ ಹುಸಿಕುರುಹನ್ನೂ ಹೇಳಿದಾಗಲೇ ಪೂರ್ಣವಾಗುವುದೆಂಬುದು ನಮ್ಮ ಅಭಿಪ್ರಾಯ.