ಕಷ್ಟ ಬೇರೆ, ಭಯ ಬೇರೆ: ಬೆಟ್ಟದ ಏಣುಗಳ ರಸಿಕರಿಗೊಂದು ಕೈಪಿಡಿ

ಉತ್ತರ ವೇಲ್ಸ್‌ನಲ್ಲಿ, ಸ್ನೋಡನ್ ಬೆಟ್ಟದ ಸೀಮೆಯಲ್ಲಿ, ಒಂದೇ ಗ್ರೇಡ್ ಪಡೆದ ಎರಡು ಏಣುಗಳಿವೆ. ಒಂದು ಟ್ರವನ್ ಬೆಟ್ಟದ ಉತ್ತರದ ಏಣು, ಇನ್ನೊಂದು 923 ಮೀಟರ್ ಎತ್ತರದ ಕ್ರೀಬ್ ಗೋಖ್. ಗೈಡ್‌ಬುಕ್ಕಿನಲ್ಲಿ ಎರಡಕ್ಕೂ ಗ್ರೇಡ್ 1 ಎಂದೇ ಇರುತ್ತದೆ. ಟ್ರವನ್ ಹತ್ತುವವರು ಕೈ ಊರಿ, ಮೊಣಕಾಲು ತರಚಿಕೊಂಡು, ದಾರಿ ತಪ್ಪಿ ಮತ್ತೆ ಹುಡುಕಿಕೊಂಡು ಮೇಲೇರುತ್ತಾರೆ. ಬಹಳಷ್ಟು ಜನ ಮಾತಾಡಿಕೊಂಡು, ನಗುತ್ತಲೇ ಏರುತ್ತಾರೆ. ಕ್ರೀಬ್ ಗೋಖ್‌ನ ನೆತ್ತಿ ತಲುಪಿದ ಮೇಲೆ ಹತ್ತುವ ಕೆಲಸವೇ ಕಡಿಮೆ, ದಾರಿ ಹೆಚ್ಚುಕಡಿಮೆ ಮಟ್ಟಸ. ಆದರೂ ಗಟ್ಟಿಮುಟ್ಟಾದ ಜನ ಅಲ್ಲಿ ನಡುದಾರಿಯಲ್ಲಿ ಕುಳಿತುಬಿಡುತ್ತಾರೆ, ಮುಂದೆ ಹೋಗಲೂ ಆಗದೆ, ಹಿಂದಿರುಗಲೂ ಆಗದೆ. ಏಣಿನ ಸೊಗಸು ಹಿಡಿಯಬೇಕೆನ್ನುವವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದೇ. ಬಂಡೆಯ ಕಷ್ಟ ಒಂದು ಅಳತೆ. ಕೆಳಗೆ ಬಾಯ್ತೆರೆದ ಪ್ರಪಾತಕ್ಕೆ ಮೈಯೊಡ್ಡಿ ನಿಲ್ಲುವ ಎಕ್ಸ್‌ಪೋಷರ್ ಇನ್ನೊಂದು.

ಗ್ರೇಡುಗಳ ಲೆಕ್ಕ ಸರಳ. ಬರಿಯ ನಡಿಗೆಗೂ ಹಗ್ಗ ಕಟ್ಟಿ ಬಂಡೆ ಹತ್ತುವುದಕ್ಕೂ ನಡುವಿನದು ಸ್ಕ್ರ್ಯಾಂಬ್ಲಿಂಗ್. ಬ್ರಿಟನ್ನಿನಲ್ಲಿ ಅದನ್ನು 1ರಿಂದ 3ರವರೆಗೆ ಅಳೆಯುತ್ತಾರೆ. ಬೆಟ್ಟ ರೂಢಿಯಾದವರು ಹಗ್ಗವಿಲ್ಲದೆ ನಿಭಾಯಿಸುವಂಥದ್ದು 1. ಅಲ್ಲಲ್ಲಿ ಕೆಲವರಿಗೆ ಹಗ್ಗ ಬೇಕೆನಿಸುವಂಥದ್ದು 2. ಹಗ್ಗವನ್ನೂ ಅದರ ವಿದ್ಯೆಯನ್ನೂ ಇಟ್ಟುಕೊಂಡೇ ಹೋಗಬೇಕಾದದ್ದು 3. ಆ ತುದಿಗೆ ರಾಕ್ ಕ್ಲೈಂಬಿಂಗ್‌ನ ‘ಮಾಡರೇಟ್’ ದರ್ಜೆ ತಾಕುತ್ತದೆ. ಅಮೆರಿಕದವರ ಕ್ಲಾಸ್ 3, ಕ್ಲಾಸ್ 4 ಸರಿಸುಮಾರು ಇದೇ ವಲಯದವು. ಈ ಅಂಕಿಗಳು ಮುಖ್ಯವಾಗಿ ಹೇಳುವುದು ದಾರಿಯ ಅತಿ ಕಠಿಣ ಹೆಜ್ಜೆಗಳ ವಿಚಾರವನ್ನು, ಅದೂ ಒಣ ದಿನದ, ಬೇಸಿಗೆಯ ಮಾತು.

ಊರಿನ ಮಕ್ಕಳು ಅಂಗಳದ ಕಟ್ಟೆಯ ಅಂಚಿನ ಮೇಲೆ ಓಡುತ್ತಾರೆ. ಅಷ್ಟೇ ಅಗಲದ ಬಾವಿಕಟ್ಟೆಯ ಮೇಲೆ ನಡೆ ಎಂದರೆ ಕಾಲು ಏಳುವುದಿಲ್ಲ. ಕಾಲಿನ ಕೆಲಸ ಎರಡು ಕಡೆಯೂ ಒಂದೇ, ಬದಲಾದದ್ದು ತಪ್ಪಿದರೆ ಏನಾಗುತ್ತದೆ ಎಂಬುದು. ಎಕ್ಸ್‌ಪೋಷರ್ ಬಂಡೆಯನ್ನು ಕಠಿಣ ಮಾಡುವುದಿಲ್ಲ. ಹತ್ತುವವರನ್ನು ಬದಲಾಯಿಸುತ್ತದೆ. ಹೆದರಿದವರು ಬಂಡೆಗೆ ಮೈ ಆನಿಸಿಕೊಳ್ಳುತ್ತಾರೆ. ಮೈ ಆನಿಸಿದೊಡನೆ ಭಾರ ಪಾದದ ಮೇಲಿಂದ ಸರಿದು ಹಿಡಿತ ಸಡಿಲವಾಗುತ್ತದೆ, ಪಾದ ಇಡುವ ಜಾಗ ಕಣ್ಣಿಗೆ ಕಾಣದಾಗುತ್ತದೆ. ಹೀಗೆ ಭಯವೇ ಕಷ್ಟವಾಗಿ ತಿರುಗುತ್ತದೆ. ಹಾಗಾಗಿ ಗ್ರೇಡ್ ಸುಳ್ಳು ಎಂದು ನಾನು ಹೇಳುವುದಿಲ್ಲ. ಅದು ಅರ್ಧ ಮಾತು, ಉಳಿದರ್ಧವನ್ನು ನಾವೇ ಓದಿಕೊಳ್ಳಬೇಕು.

ಕ್ರೀಬ್ ಗೋಖ್‌ನಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹೊರಟರೆ ಬಲಗಡೆ ಬಂಡೆ ಕಡಿದಾಗಿ ಕೆಳಗಿಳಿದುಬಿಡುತ್ತದೆ. ಎಡಗಡೆಯೂ ಇಳಿಜಾರು ಜೋರಾಗಿಯೇ ಇದೆ, ಆದರೆ ಅಲ್ಲಿ ಪಾದ ಊರಲು ಸಣ್ಣ ಸಣ್ಣ ಜಾಗಗಳು ಸಿಗುತ್ತವೆ. ಬಲ್ಲವರು ನೆತ್ತಿಯಿಂದ ತುಸು ಎಡಕ್ಕಿಳಿದು, ನೆತ್ತಿಯ ಅಂಚನ್ನು ಕೈಯಲ್ಲಿ ಹಿಡಿದು, ಪಕ್ಕಕ್ಕೆ ಪಕ್ಕಕ್ಕೆ ಹೆಜ್ಜೆ ಇಡುತ್ತಾರೆ. ಅವರ ಕೈಗಳನ್ನು ನೋಡಿ. ಕಲ್ಲನ್ನು ಮೊದಲು ಅಂಗೈಯಿಂದ ತಟ್ಟುತ್ತಾರೆ, ಟೊಳ್ಳು ಸದ್ದು ಬಂದರೆ ಬಿಟ್ಟು ಇನ್ನೊಂದನ್ನು ಹಿಡಿಯುತ್ತಾರೆ. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಬಂಡೆಯ ಮೇಲಿದ್ದಾಗಲೇ ನಾಲ್ಕನೆಯದು ಕದಲುವುದು. ಸಾವಿರಾರು ಬೂಟುಗಳು ತುಳಿದ ಕಡೆ ಕಲ್ಲು ನುಣ್ಣಗೆ ಹೊಳೆಯುತ್ತದೆ. ಆ ಹೊಳಪು ದಾರಿಯನ್ನೂ ತೋರಿಸುತ್ತದೆ, ಜಾರುವ ಜಾಗವನ್ನೂ. ಒಂದು ಏಣನ್ನು ಚೆನ್ನಾಗಿ ದಾಟುವವರ ನಡಿಗೆಯಲ್ಲಿ ಆತುರವೂ ಇಲ್ಲ, ತಡೆದು ನಿಲ್ಲುವುದೂ ಇಲ್ಲ. ನನಗೆ ಈ ಕಲೆಯಲ್ಲಿ ಅತ್ಯಂತ ಚೆಲುವಾಗಿ ಕಾಣುವುದು ಆ ಒಂದೇ ಸಮನಾದ ಗತಿ.

ಸಾವನದುರ್ಗ, ಮಧುಗಿರಿ ಹತ್ತಿ ಬಂದ ನಮ್ಮವರಿಗೆ ಇಲ್ಲೊಂದು ಎಚ್ಚರಿಕೆ ಬೇಕು. ನಮ್ಮ ಏಕಶಿಲಾ ಬೆಟ್ಟಗಳಲ್ಲಿ ಕೆಲಸವೆಲ್ಲ ಕಾಲಿನದು. ಇಳಿಜಾರು ಹಾಸುಬಂಡೆ, ಶೂ ಅಡಿಯ ಹಿಡಿತದ ಮೇಲಿನ ನಂಬಿಕೆ, ಕಣ್ಣ ಮುಂದೆ ಒಂದೇ ಮೇಲ್ಮೈ. ಏಣಿನಲ್ಲಿ ಬಂಡೆ ಒಡೆದು ಚೂರಾಗಿರುತ್ತದೆ, ಹಿಡಿಗಳು ಧಾರಾಳ, ಆದರೆ ಪ್ರತಿಯೊಂದನ್ನೂ ಪರೀಕ್ಷಿಸಬೇಕು. ಕಣ್ಣಿಗೆ ಎರಡೂ ಮಗ್ಗುಲಲ್ಲಿ ಆಕಾಶವೇ. ಸಾವನದುರ್ಗ ಸಲೀಸಾಗಿ ಹತ್ತಿದವರು ಕ್ರೀಬ್ ಗೋಖ್‌ನಲ್ಲೂ ಸಲೀಸಾಗಿರುತ್ತಾರೆಂದು ಹೇಳಲು ಬರುವುದಿಲ್ಲ.

ಅಂಕಿ ಮುಚ್ಚಿಡುವ ಸಂಗತಿಗಳಲ್ಲಿ ದೊಡ್ಡದು ತಪ್ಪಿಸಿಕೊಳ್ಳುವ ದಾರಿ. ಸ್ಕಾಟ್ಲೆಂಡಿನ ಗ್ಲೆನ್ ಕೋ ಕಣಿವೆಯ ಉತ್ತರಕ್ಕೆ ಏನಾಕ್ ಈಗಾಕ್ ಎಂಬ ಏಣು ಇದೆ, ಗ್ರೇಡ್ 2. ಬಿಡಿಯಾಗಿ ನೋಡಿದರೆ ಅದರ ಯಾವ ಹೆಜ್ಜೆಯೂ ಭಾರಿ ಕಠಿಣವಲ್ಲ. ಆದರೆ ಮೀಲ್ ಜೆರಾಗ್ ಶಿಖರ ದಾಟಿ ಕೋಡುಗಲ್ಲುಗಳ ಸಾಲಿಗೆ ಇಳಿದಿರೋ, ಆ ಸಾಲು ಮುಗಿಯುವ ತನಕ ಯಾವ ಕಡೆಗೂ ಕ್ಷೇಮವಾಗಿ ಇಳಿಯುವ ದಾರಿಯಿಲ್ಲ. ದಕ್ಷಿಣಕ್ಕೆ ಕಾಣುವ ಕೊರಕಲುಗಳು ರಸ್ತೆ ಹತ್ತಿರವೇ ಇದೆಯೆಂದು ಆಸೆ ತೋರಿಸುತ್ತವೆ. ಅವು ಕೆಳಗೆ ಬಂಡೆಗೋಡೆಯಲ್ಲಿ ಮುಗಿಯುತ್ತವೆ. ನಕ್ಷೆ ಹಿಡಿದು ಸಮಯ ಲೆಕ್ಕ ಹಾಕಲು 1892ರಲ್ಲಿ ವಿಲಿಯಂ ನೇಸ್ಮಿತ್ ಕೊಟ್ಟ ಸೂತ್ರವನ್ನು ಬೆಟ್ಟಿಗರು ಇಂದಿಗೂ ಬಳಸುತ್ತಾರೆ: ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಇಂಥ ಏಣಿನ ಮೇಲೆ ಅದು ನಡೆಯುವುದಿಲ್ಲ. ಎದುರಿಗೆ ಬರುವವರಿಗೆ ದಾರಿ ಬಿಡಲು, ಮುಂದಿನ ತಂಡ ಇಳಿಯುವ ತನಕ ಕಾಯಲು ಹೋಗುವ ಹೊತ್ತು ಯಾವ ಸೂತ್ರದಲ್ಲೂ ಇಲ್ಲ. ಹಿಂದಿರುಗಬಹುದಾದ ಕಡೆಯ ಜಾಗ ಎಲ್ಲಿದೆ ಎಂಬುದನ್ನು ಹೊರಡುವ ಮೊದಲೇ ಗುರುತಿಸಿಟ್ಟುಕೊಳ್ಳುವವರನ್ನು ನಾನು ಒಳ್ಳೆಯ ಓದುಗರು ಎನ್ನುತ್ತೇನೆ.

ಆಮೇಲೆ ಕಲ್ಲಿನ ಜಾತಿ. ಲೇಕ್ ಡಿಸ್ಟ್ರಿಕ್ಟಿನ ಬ್ಲೆನ್‌ಕಾತ್ರಾ ಬೆಟ್ಟದ ಶಾರ್ಪ್ ಎಡ್ಜ್ ಚಿಕ್ಕದು, ಗ್ರೇಡ್ 1. ಆದರೆ ಅದರದು ಸ್ಲೇಟ್ ಕಲ್ಲು. ಒಂದು ಮಳೆ ಬಿದ್ದರೆ ಸೋಪು ಸವರಿದ ಹಾಗೆ, ಆಗ ಆ ಗ್ರೇಡಿಗೆ ಬೆಲೆಯಿಲ್ಲ. ಸ್ಕೈ ದ್ವೀಪದ ಕೂಲಿನ್ ಏಣು ಸುಮಾರು 12 ಕಿಲೋಮೀಟರ್ ಉದ್ದ. ಅಲ್ಲಿನ ಗ್ಯಾಬ್ರೊ ಒರಟು ಕಲ್ಲು, ಬೆರಳ ಚರ್ಮ ಕೀಳುವಷ್ಟು ಒರಟು, ಒದ್ದೆಯಲ್ಲೂ ಹಿಡಿಯುತ್ತದೆ. ಅದರ ನಡುವೆಯೇ ಪಟ್ಟಿ ಪಟ್ಟಿಯಾಗಿ ಬಸಾಲ್ಟ್ ನುಗ್ಗಿದೆ, ಒದ್ದೆಯಾದರೆ ಅದು ಜಾರುತ್ತದೆ. ಕಣ್ಣು ಪಳಗಿದವರು ಹೆಜ್ಜೆ ಇಡುವ ಮೊದಲೇ ಬಣ್ಣದ ಬದಲಾವಣೆ ನೋಡಿ ಎಚ್ಚರವಾಗುತ್ತಾರೆ. ಅದೇ ಕೂಲಿನ್‌ನಲ್ಲಿ 986 ಮೀಟರ್ ಎತ್ತರದ ಇನ್‌ಆಕ್ಸೆಸಿಬಲ್ ಪಿನಕಲ್ ನಿಂತಿದೆ, 1880ರಲ್ಲಿ ಪಿಲ್ಕಿಂಗ್ಟನ್ ಸಹೋದರರು ಮೊದಲು ಹತ್ತಿದ್ದು. ತೆಳ್ಳನೆಯ ಕಲ್ಲಿನ ರೆಕ್ಕೆ, ದರ್ಜೆ ‘ಮಾಡರೇಟ್’ ಅಷ್ಟೇ, ಹಿಡಿಗಳು ದೊಡ್ಡವು. ಎರಡೂ ಬದಿಗೆ ಮಾತ್ರ ಏನೂ ಇಲ್ಲ. ಕಷ್ಟ ಕೆಳಮಟ್ಟದ್ದು, ಎಕ್ಸ್‌ಪೋಷರ್ ತಾರಕದ್ದು ಎನ್ನಲು ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಹತ್ತಿದ ಮೇಲೆ ಇನ್ನೊಂದು ತುದಿಯಿಂದ ಹಗ್ಗದಲ್ಲಿ ಜಾರಿಯೇ ಇಳಿಯುತ್ತಾರೆ.

ವಿಡಿಯೋ ನೋಡಿ ಅಳೆಯುವವರಿಗೂ ಒಂದು ಮಾತು. ಹೆಲ್ಮೆಟ್ಟಿಗೆ ಕಟ್ಟಿದ ವೈಡ್ ಆ್ಯಂಗಲ್ ಕ್ಯಾಮೆರಾ ಇಳಿಜಾರನ್ನು ಚಪ್ಪಟೆ ಮಾಡುತ್ತದೆ. ದೂರದಿಂದ ಜೂಮ್ ಮಾಡಿದ ಚಿತ್ರ ಏಣನ್ನು ಮಡಚಿ ನೆಟ್ಟಗೆ ನಿಲ್ಲಿಸುತ್ತದೆ. ಎದುರಿನಿಂದ ನೋಡಿದ ಬೆಟ್ಟ ಇದ್ದದ್ದಕ್ಕಿಂತ ಕಡಿದಾಗಿ ಕಾಣುತ್ತದೆ, ಪಕ್ಕದಿಂದ ನೋಡಿದಾಗಲೇ ನಿಜವಾದ ಕೋನ. ಆದ್ದರಿಂದ ಪ್ರಪಾತದ ದೃಶ್ಯ ಬಂದಾಗ ಉಸಿರು ಬಿಗಿಹಿಡಿಯುವ ಬದಲು ಎಣಿಸಿ: ಕೈ ಎಷ್ಟು ಹೊತ್ತಿಗೊಮ್ಮೆ ಬಂಡೆ ಮುಟ್ಟುತ್ತಿದೆ? ಮುಟ್ಟುವುದು ಸಮತೋಲಕ್ಕೋ, ಮೈ ಎತ್ತಿಕೊಳ್ಳಲಿಕ್ಕೋ? ಇಳಿಯುವಾಗ ಮುಖ ಹೊರಗಿದೆಯೋ, ಬಂಡೆಗೆ ತಿರುಗಿದೆಯೋ? ಮುಖ ಬಂಡೆಗೆ ತಿರುಗಿತೆಂದರೆ ಅದು ಕಷ್ಟದ ಜಾಗ, ಚಿತ್ರ ಏನೇ ಹೇಳಲಿ.

ಮ್ಯಾಂಚೆಸ್ಟರಿನಲ್ಲೋ ಬರ್ಮಿಂಗ್‌ಹ್ಯಾಮಿನಲ್ಲೋ ನೆಲೆಸಿರುವ ಕನ್ನಡಿಗರಿಗೆ ಇವುಗಳಲ್ಲಿ ಹಲವು ವಾರಾಂತ್ಯದ ದೂರ. ಮೊದಲು ಲೇಕ್ ಡಿಸ್ಟ್ರಿಕ್ಟಿನ ಹೆಲ್ವೆಲಿನ್ ಬೆಟ್ಟದ ಸ್ಟ್ರೈಡಿಂಗ್ ಎಡ್ಜ್‌ಗೆ ಹೋಗಿ. ಅಲ್ಲಿ ನೆತ್ತಿ ಹೆದರಿಸಿದರೆ ಬಹುಪಾಲು ತುಸು ಕೆಳಗಿನ ಕಾಲುದಾರಿ ಹಿಡಿಯಬಹುದು, ಕೊನೆಯ ಬಂಡೆಸೀಳಿನಲ್ಲಿ ಇಳಿಯುವಾಗ ಮಾತ್ರ ಸಾವಧಾನ ಬೇಕು. ಕೈಯ ಕೆಲಸ ಕಲಿಯಲು ಎರಡನೆಯದಾಗಿ ಟ್ರವನ್. ಗಾಳಿಯಿಲ್ಲದ ಒಣ ದಿನ ನೋಡಿಕೊಂಡು ಕ್ರೀಬ್ ಗೋಖ್. ಏನಾಕ್ ಈಗಾಕ್‌ಗೆ, ಬಲ್ಲವರೊಬ್ಬರು ಜೊತೆಗಿದ್ದಾಗ. ಇದೆಲ್ಲ ಬೇಸಿಗೆಯ ಪಟ್ಟಿ. ಹಿಮ ಕೂತ ಮೇಲೆ ಸ್ಟ್ರೈಡಿಂಗ್ ಎಡ್ಜ್‌ಗೂ ಐಸ್ ಆ್ಯಕ್ಸ್, ಕ್ರ್ಯಾಂಪನ್ ಬೇಕು, ಗ್ರೇಡ್ ಕೂಡ ಚಳಿಗಾಲದ ಬೇರೆ ಮಾಪಕದ್ದು.