ಕಣವೂ ಕೊಳೆಯೂ: ‘ಲೆಟ್ ಇಟ್ ಬಿ’ ಚಲಚ್ಚಿತ್ರದ ಜೀರ್ಣೋದ್ಧಾರ

ಹಳೆಯ ಓಲೆಗರಿಯ ಪ್ರತಿಯೊಂದನ್ನು ಕೈಗೆತ್ತಿಕೊಂಡ ಸಂಪಾದಕನಿಗೆ ಮೊದಲು ಎದುರಾಗುವುದು ಕೊಳೆಯ ಪ್ರಶ್ನೆ. ಅರ್ಥದ ಪ್ರಶ್ನೆ ಆಮೇಲಿನದು. ಯಾವುದು ಹುಳು ಕೊರೆದ ಗುರುತು, ಯಾವುದು ಲಿಪಿಕಾರನ ಕಂಠವು ಕೊರೆದ ಗೆರೆ ಎಂಬುದನ್ನು ವಿಂಗಡಿಸಲಾರದವನು ಗ್ರಂಥವನ್ನು ಶುದ್ಧಗೊಳಿಸಹೊರಟು ಅಕ್ಷರವನ್ನೇ ಒರಸಿಬಿಡುವನು. ಈ ಮಾತು ಓಲೆಗರಿಗೆ ಮಾತ್ರ ಸಲ್ಲತಕ್ಕದ್ದಲ್ಲ. ‘ಬೀಟಲ್ಸ್’ ಎಂದು ಲೋಕಪ್ರಸಿದ್ಧವಾದ ಇಂಗ್ಲೆಂಡಿನ ರಾಕ್ ಸಂಗೀತಮಂಡಲಿಯನ್ನು ಕುರಿತು 1970ರಲ್ಲಿ ತೆರೆಕಂಡ ‘ಲೆಟ್ ಇಟ್ ಬಿ’ ಎಂಬ ಸಾಕ್ಷ್ಯಚಿತ್ರವು ಜೀರ್ಣೋದ್ಧಾರಗೊಂಡು 2024ರ ಮೇ 8ರಂದು ಮರಳಿ ಬೆಳಕಿಗೆ ಬಂದಾಗ, ಆ ಮಂಡಲಿಯ ಅಭಿಮಾನಿಗಳಲ್ಲಿ ಎದ್ದ ಚರ್ಚೆಯೂ ಬಹುಮಟ್ಟಿಗೆ ಇದೇ ಆಗಿದ್ದಿತು. ರಾಕ್ ಸಂಗೀತದ ಗೋಜೇ ಬೇಡವೆನ್ನುವ ವಾಚಕರು ಸಹ ಈ ಚರ್ಚೆಯನ್ನು ಗಮನಿಸಬಹುದು. ಅಲ್ಲಿ ವಿಚಾರಕ್ಕೆ ಬಂದಿರುವುದು ಪಾಠಶೋಧನದ ಪ್ರಶ್ನೆಯೇ ಹೊರತು ಸಂಗೀತದ ರುಚಿಯಲ್ಲ.

ಚಿತ್ರದ ಜನ್ಮವೃತ್ತಾಂತವನ್ನರಿಯದೆ ವಾದದ ಮರ್ಮವು ತಿಳಿಯದು. 1969ರ ಜನವರಿ 2ರಂದು ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೊ ಸ್ಟಾರ್ ಎಂಬ ನಾಲ್ವರೂ ಟ್ವಿಕನ್‌ಹ್ಯಾಮ್ ಚಿತ್ರಶಾಲೆಯಲ್ಲಿ ಸೇರಿ ಹೊಸ ಹಾಡುಗಳ ಅಭ್ಯಾಸಕ್ಕೆ ತೊಡಗಿದರು. ಅಭ್ಯಾಸದ ಕೊನೆಗೆ ಜನರೆದುರು ಒಂದು ಕಚೇರಿ ನಡೆಯಬೇಕು, ಅದೆಲ್ಲವನ್ನೂ ಟೆಲಿವಿಷನ್ನಿನಲ್ಲಿ ತೋರಿಸಬೇಕು ಎಂಬುದು ಮೊದಲ ಸಂಕಲ್ಪ. ನಿರ್ದೇಶನದ ಹೊಣೆ ಹೊತ್ತವನು ಮೈಕೆಲ್ ಲಿಂಡ್ಸೆ-ಹಾಗ್. ಆಗ ಆತನಿಗೆ 28 ವರ್ಷ. ಲಿಬಿಯ ದೇಶದಲ್ಲಿರುವ ರೋಮನರ ಕಾಲದ ಬಯಲು ರಂಗಮಂದಿರದಲ್ಲಿ ಕಚೇರಿಯಾಗಲಿ ಎಂಬುದು ಆತನ ಹಂಬಲ. ಕಡೆಗೆ ಅದು ನಡೆದುದು ಲಂಡನ್ನಿನ ಸೇವಿಲ್ ರೋ ಎಂಬ ಬೀದಿಯಲ್ಲಿ, ಮಂಡಲಿಯವರದೇ ಕಟ್ಟಡದ ಮಹಡಿಯ ಮೇಲೆ, ಜನವರಿ 30ರ ಚಳಿಗಾಳಿಯಲ್ಲಿ, ಸುಮಾರು 42 ನಿಮಿಷಗಳ ಕಾಲ. ಪೊಲೀಸರು ಮೆಟ್ಟಿಲೇರಿ ಬಂದರು, ಕಚೇರಿ ಮುಗಿಯಿತು. ನಾಲ್ವರೂ ಕೂಡಿ ಬಹಿರಂಗವಾಗಿ ಹಾಡಿದುದು ಅದೇ ಕಡೆಯ ಸಲ. ಚಿತ್ರವು ಸಿದ್ಧವಾಗಿ ತೆರೆಗೆ ಬರುವ ಮೊದಲೇ, 1970ರ ಏಪ್ರಿಲ್ 10ರಂದು, ಮೆಕಾರ್ಟ್ನಿ ಮಂಡಲಿಯನ್ನು ತೊರೆದ ಸುದ್ದಿ ಪತ್ರಿಕೆಗಳಲ್ಲಿ ಬಂದುಬಿಟ್ಟಿತು. ಮೇ 13ರಂದು ನ್ಯೂಯಾರ್ಕಿನಲ್ಲಿ ಚಿತ್ರವು ಬಿಡುಗಡೆಯಾಯಿತು. ಪ್ರಥಮ ಪ್ರದರ್ಶನಕ್ಕೆ ನಾಲ್ವರಲ್ಲಿ ಒಬ್ಬರೂ ಬರಲಿಲ್ಲ. ಹಬ್ಬದ ಸಿದ್ಧತೆಯನ್ನು ತೋರಿಸಲೆಂದು ಬರೆದ ಚಿತ್ರಪಟವನ್ನು ಸೂತಕದ ಮನೆಯಲ್ಲಿ ಬಿಚ್ಚಿದಂತಾಯಿತು.

ಈ ಸೂತಕವು ಚಿತ್ರವನ್ನು ಅರ್ಧಶತಮಾನಕ್ಕೂ ಮೀರಿ ಅಂಟಿಕೊಂಡಿತು. ಅದರ ಹಾಡುಗಳಿಗೆ 1971ರಲ್ಲಿ ಅಮೆರಿಕದ ಆಸ್ಕರ್ ಪ್ರಶಸ್ತಿ ದೊರೆತರೂ, ಬೇರೆಯಾಗಿದ್ದ ಒಡನಾಡಿಗಳಿಗೆ ಚಿತ್ರವು ಬೇಡವಾಗಿತ್ತು. 1980ರ ದಶಕದ ಆರಂಭದಲ್ಲಿ ವಿಡಿಯೊ ಕ್ಯಾಸೆಟ್ಟಿನ ರೂಪದಲ್ಲಿ ಸ್ವಲ್ಪಕಾಲ ಸಿಕ್ಕಿ, ಆಮೇಲೆ ಅಧಿಕೃತವಾಗಿ ಎಲ್ಲಿಯೂ ದೊರೆಯದಂತಾಯಿತು. ಅಭಿಮಾನಿಗಳು ನಕಲಿನ ನಕಲು, ಅದರ ನಕಲು ಎಂದು ಕೈಯಿಂದ ಕೈಗೆ ದಾಟಿಸಿಕೊಂಡು ನೋಡಿದರು. ಮೂಲವಾದರೋ 16 ಮಿಲಿಮೀಟರ್ ಫಿಲ್ಮಿನದು. ಚಿತ್ರಮಂದಿರಗಳಿಗಾಗಿ ಅದನ್ನು 35 ಮಿಲಿಮೀಟರಿಗೆ ಹಿಗ್ಗಿಸಿದಾಗಲೇ ಬಿಂಬವು ಒರಟಾಗಿತ್ತು. ನಕಲುಗಳಲ್ಲಿ ಅದು ಮಬ್ಬಾಯಿತು, ಮುಖಗಳು ಕಪ್ಪಿಟ್ಟವು, ಮಾತು ತೊದಲಿತು. ಇಂಥ ಪ್ರತಿಗಳನ್ನು ನೋಡಿದವರು “ಇದು ವಿಷಾದದ ಚಿತ್ರ” ಎಂದು ತೀರ್ಮಾನಿಸಿದುದರಲ್ಲಿ ಆಶ್ಚರ್ಯವಿಲ್ಲ. ಕಣ್ಣಿಗೆ ಬಿದ್ದ ಕತ್ತಲೆಯಲ್ಲಿ ಎಷ್ಟು ಪಾಲು ನಿರ್ದೇಶಕನದು, ಎಷ್ಟು ಪಾಲು ಸವೆದ ನಕಲಿನದು ಎಂದು ವಿವೇಚಿಸಿದವರು ವಿರಳ.

ಹೀಗಿರಲು ನ್ಯೂಜಿಲೆಂಡಿನ ನಿರ್ದೇಶಕ ಪೀಟರ್ ಜ್ಯಾಕ್ಸನ್, 1969ರಲ್ಲಿ ತೆಗೆದಿದ್ದ ಸುಮಾರು 60 ಗಂಟೆಗಳ ದೃಶ್ಯಸಾಮಗ್ರಿಯನ್ನೂ 150 ಗಂಟೆಗೂ ಮೀರಿದ ಧ್ವನಿಮುದ್ರಣವನ್ನೂ ಶೋಧಿಸಿ, 2021ರ ನವೆಂಬರಿನಲ್ಲಿ ‘ಗೆಟ್ ಬ್ಯಾಕ್’ ಎಂಬ ಮೂರು ಭಾಗಗಳ, ಹೆಚ್ಚುಕಡಮೆ ಎಂಟು ಗಂಟೆಗಳ ಕೃತಿಯನ್ನು ಹೊರತಂದನು. ಅದರಲ್ಲಿ ನಗೆಯುಂಟು, ಹರಟೆಯುಂಟು, ಒಂದು ಹಾಡು ಶೂನ್ಯದಿಂದ ಮೊಳೆಯುವ ಅಪೂರ್ವ ದೃಶ್ಯವುಂಟು. ಜನವರಿ 10ರಂದು ಹ್ಯಾರಿಸನ್ ಮುನಿದು ಹೊರಟುಹೋದ ಪ್ರಸಂಗವೂ ಉಂಟು. ಲೋಕವು ಮೆಚ್ಚಿತು. ಬಳಿಕ ಜ್ಯಾಕ್ಸನ್ನನ ಕಾರ್ಯಾಗಾರದಲ್ಲಿಯೇ ಹಳೆಯ ಚಿತ್ರದ ಮೂಲ ನೆಗೆಟಿವಿನಿಂದ ಜೀರ್ಣೋದ್ಧಾರವು ನಡೆದು ‘ಲೆಟ್ ಇಟ್ ಬಿ’ ಡಿಸ್ನಿ ಸಂಸ್ಥೆಯ ಮೂಲಕ ಮನೆಮನೆಯ ತೆರೆಗೆ ಬಂದಿತು.

ಅಭಿಮಾನಿಗಳಲ್ಲಿ ಒಂದು ಪಂಗಡದವರ ವಾದವಿದು: ಎಂಟು ಗಂಟೆಗಳ ಹೊಸ ಕೃತಿಯಿರುವಾಗ 80 ನಿಮಿಷಗಳ ಹಳೆಯದೇಕೆ? ಎಲ್ಲವೂ ಅದರಲ್ಲಿ ಅಡಗಿದೆಯಲ್ಲ? ಮೇಲುನೋಟಕ್ಕೆ ಸರಿಯೆಂದು ತೋರುವ ಈ ವಾದವು ಸಾಹಿತ್ಯವನ್ನು ಬಲ್ಲವರ ಮುಂದೆ ನಿಲ್ಲಲಾರದು. ಕುಮಾರವ್ಯಾಸನು ಹತ್ತು ಪರ್ವಗಳ ಭಾರತವನ್ನು ಹಾಡಿದನೆಂಬ ಕಾರಣಕ್ಕೆ, ಅವನಿಗಿಂತ ಶತಮಾನಗಳ ಹಿಂದೆ ಭೀಮ ದುರ್ಯೋಧನರ ಕಾಳಗವೊಂದನ್ನೇ ಹಿಡಿದು ಸಿಂಹಾವಲೋಕನಕ್ರಮದಿಂದ ಭಾರತವನ್ನೆಲ್ಲ ಕಾಣಿಸಿದ ರನ್ನನ ಗದಾಯುದ್ಧವನ್ನು ಯಾರಾದರೂ ಮೂಲೆಗಿಟ್ಟರೆ? ವಿಸ್ತಾರದ ರಸ ಬೇರೆ, ಸಂಗ್ರಹದ ರಸ ಬೇರೆ. ಜ್ಯಾಕ್ಸನ್ನನ ಕೃತಿಯಲ್ಲಿ ದಿನಾಂಕಗಳು ಮೂಡುತ್ತವೆ, ಬಂದವರ ಹೆಸರುಗಳು ಬರೆಹದಲ್ಲಿ ತೋರುತ್ತವೆ, ಆದುದೇನೆಂಬ ವಿವರಣೆಯು ನಡುನಡುವೆ ದೊರೆಯುತ್ತದೆ. ಅದು ಸಟೀಕವಾದ ಇತಿಹಾಸ. ಲಿಂಡ್ಸೆ-ಹಾಗ್‌ನ ಚಿತ್ರದಲ್ಲಿ ಟೀಕೆಯಿಲ್ಲ, ನಿರೂಪಕನ ಮಾತಿಲ್ಲ, ಇವನು ಯಾರು, ಇಂದು ಯಾವ ದಿನ ಎಂಬ ಸೂಚನೆಯೂ ಇಲ್ಲ. ಮುಖವನ್ನು ತೋರಿಸಿ ಸುಮ್ಮನಾಗುತ್ತದೆ. ಊಹಿಸುವ ಕೆಲಸವು ಪ್ರೇಕ್ಷಕನದು. ಹೇಳದೆ ಉಳಿಸಿದುದರಲ್ಲಿ ಹೊಳೆಯುವುದೇ ಧ್ವನಿಯೆಂದು ಆಲಂಕಾರಿಕರು ಹೇಳುವುದಾದರೆ, ಆ ಗುಣವು ಹಳೆಯ ಚಿತ್ರದಲ್ಲಿಯೇ ಹೆಚ್ಚು.

“ಎಲ್ಲವೂ ಹೊಸದರಲ್ಲಿದೆ” ಎಂಬುದು ವಸ್ತುತಃ ನಿಜವೂ ಅಲ್ಲ. ಮಹಡಿಯ ಕಚೇರಿಯ ಮರುದಿನ, ಜನವರಿ 31ರಂದು, ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಮಂಡಲಿಯವರು ಮೂರು ಹಾಡುಗಳನ್ನು ಕ್ಯಾಮೆರಾದ ಮುಂದೆ ನಿಂತು ಕುಳಿತು ಪೂರ್ಣವಾಗಿ ನಿರ್ವಹಿಸಿದರು. ಚಿತ್ರಕ್ಕೆ ಹೆಸರು ಕೊಟ್ಟ ಹಾಡೂ ಅವುಗಳಲ್ಲಿ ಒಂದು. ಹಳೆಯ ಚಿತ್ರದಲ್ಲಿ ಅವು ಆದ್ಯಂತವಾಗಿ ಇವೆ. ಜ್ಯಾಕ್ಸನ್ನನು ಹಳೆಯ ಚಿತ್ರವನ್ನು ಪುನರುಕ್ತಗೊಳಿಸಬಾರದೆಂದು, ಆ ದಿನದ ಕೆಲಸವನ್ನು ಕಡೆಯಲ್ಲಿ ಹೆಸರುಗಳು ಏರಿಹೋಗುವಾಗ ತುಣುಕುಗಳಾಗಿ ತೋರಿಸಿ ಮುಗಿಸಿದ್ದಾನೆ. ಹೊಸ ಕೃತಿಯು ಹಳೆಯದರ ಸ್ಥಾನವನ್ನು ತಾನಾಗಿಯೇ ಬಿಟ್ಟುಕೊಟ್ಟಿರಲು, ಅದರ ಭಕ್ತರು ಮಾತ್ರ ಆ ಸ್ಥಾನವನ್ನು ಅಳಿಸಹೊರಡುವುದು ವಿನೋದವಾಗಿದೆ.

ಇನ್ನು ವಿಷಾದದ ಆರೋಪ. ಮೆಕಾರ್ಟ್ನಿ ಮತ್ತು ಹ್ಯಾರಿಸನ್ನರ ನಡುವೆ ವಾದ್ಯ ನುಡಿಸುವ ರೀತಿಯನ್ನು ಕುರಿತು ನಡೆಯುವ ಬಿರುಸಿನ ಸಂಭಾಷಣೆಯೊಂದು ಈ ಚಿತ್ರದಲ್ಲಿದೆ. ಐವತ್ತು ವರ್ಷಗಳ ಕಾಲ ಚಿತ್ರದ ಕೀರ್ತಿಯೆಲ್ಲ ಈ ಒಂದು ನಿಮಿಷದ ಮೇಲೆ ನಿಂತಿತು. ಆದರೆ ಮಸಕು ತೆಗೆದ ಪ್ರತಿಯನ್ನು ನೋಡಿದವರಿಗೆ ಕಾಣುವುದೇನು? ಲೆನನ್ ತನ್ನ ಸಹಚರಿಯ ಕೈಹಿಡಿದು, ಗೆಳೆಯನ ಹಾಡಿಗೆ ಚಿತ್ರಶಾಲೆಯ ನೆಲದ ಮೇಲೆ ಸುತ್ತುಸುತ್ತಿ ನರ್ತಿಸುತ್ತಾನೆ. ರಿಂಗೊ ತಾನು ಕಟ್ಟುತ್ತಿರುವ ಹಾಡೊಂದನ್ನು ಪಿಯಾನೊದ ಮುಂದೆ ಕುಳಿತು ತಡವರಿಸುತ್ತಿರುವಾಗ ಹ್ಯಾರಿಸನ್ ಪಕ್ಕದಲ್ಲಿ ನಿಂತು, ಅಣ್ಣನು ತಮ್ಮನಿಗೆ ಲೆಕ್ಕ ಹೇಳಿಕೊಡುವಂತೆ, ಮುಂದಿನ ಸ್ವರವನ್ನು ತೋರಿಸಿಕೊಡುತ್ತಾನೆ. ಪುಟ್ಟ ಹುಡುಗಿಯೊಬ್ಬಳು ವಾದ್ಯಗಳ ನಡುವೆ ಓಡಾಡುತ್ತಾಳೆ. ಕೀಬೋರ್ಡು ನುಡಿಸಲು ಬಂದ ಬಿಲಿ ಪ್ರೆಸ್ಟನ್ನನ ನಗುಮುಖವು ಕೊಠಡಿಯನ್ನೇ ಬೆಳಗುತ್ತದೆ. ಇವೆಲ್ಲವೂ 1970ರಲ್ಲಿಯೂ ಇದ್ದವು. ಜೀರ್ಣೋದ್ಧಾರಕರು ಒಂದು ದೃಶ್ಯವನ್ನೂ ಹೊಸದಾಗಿ ಸೇರಿಸಿಲ್ಲ. ಹ್ಯಾರಿಸನ್ ಹೊರಟುಹೋದ ಘೋರ ಪ್ರಸಂಗವನ್ನು ಹಳೆಯ ಚಿತ್ರವು ತೋರಿಸಿಯೇ ಇಲ್ಲವೆಂಬುದನ್ನೂ ನೆನೆಯಬೇಕು. ಕಲಹದ ಕಥೆಯೆಂದು ಹೆಸರಾದುದು ಕಲಹವನ್ನು ಮರೆಸಿತ್ತು. ಸೌಹಾರ್ದದ ಕಥೆಯೆಂದು ಹೆಸರಾದುದು ಅದನ್ನು ಬಯಲಿಗಿಟ್ಟಿತು! ಪ್ರೇಕ್ಷಕರು ತಮ್ಮ ದುಃಖವನ್ನು ತೆರೆಯ ಮೇಲೆ ಓದಿದರೆಂದೇ ಇದರಿಂದ ಸಿದ್ಧಪಡುವುದು.

ಚರ್ಚೆಯಲ್ಲಿ ಅತ್ಯಂತ ಸಾರವತ್ತಾದ ಭಾಗವು ಫಿಲ್ಮಿನ ಕಣಗಳಿಗೆ ಸಂಬಂಧಿಸಿದುದು. ಫಿಲ್ಮಿನ ಮೇಲೆ ಬಿಂಬವು ಮೂಡುವುದು ರಾಸಾಯನಿಕ ಕಣಗಳ ಸಮೂಹದಿಂದ. 16 ಮಿಲಿಮೀಟರಿನಂಥ ಚಿಕ್ಕ ಚೌಕದಲ್ಲಿ, ಮಂದಬೆಳಕಿನಲ್ಲಿ ತೆಗೆದ ಚಿತ್ರವನ್ನು ದೊಡ್ಡದಾಗಿ ತೋರಿಸಿದಾಗ ಆ ಕಣಗಳು ಮರಳಿನಂತೆ ಮಿನುಗುತ್ತವೆ. ಧೂಳು, ಗೀರು, ಕಲೆ ಇವು ಹೊರಗಿನಿಂದ ಬಂದವು, ತೆಗೆಯತಕ್ಕವು. ಕಣವು ಹೊರಗಿನದಲ್ಲ. ಬಿಂಬಕ್ಕೆ ಅದು ಉಪಾದಾನಕಾರಣ, ಮಡಕೆಗೆ ಮಣ್ಣಿನಂತೆ. ‘ಗೆಟ್ ಬ್ಯಾಕ್’ನಲ್ಲಿ ಯಂತ್ರದ ನೆರವಿನಿಂದ ಈ ಕಣವನ್ನು ಬಹಳವಾಗಿ ನುಣುಪುಗೊಳಿಸಿದರು. ಬಣ್ಣಗಳು ನಿನ್ನೆ ತೆಗೆದಂತೆ ಹೊಳೆದವು; ಸಾಮಾನ್ಯ ಪ್ರೇಕ್ಷಕರು ಬೆರಗಾದರು. ಸೂಕ್ಷ್ಮದೃಷ್ಟಿಯ ಅಭಿಮಾನಿಗಳು ಮಾತ್ರ, ಮುಖಗಳು ಮೇಣದ ಬೊಂಬೆಗಳಂತಾದುವೆಂದೂ ಚರ್ಮದ ನವುರಾದ ಗೆರೆಗಳು ಕರಗಿಹೋದುವೆಂದೂ ಆಕ್ಷೇಪಿಸಿದರು. ಅವರ ಆಕ್ಷೇಪವು ನ್ಯಾಯವಾದುದು. ಯಂತ್ರವು ಇಲ್ಲಿ ಕೊಳೆಯೊಂದಿಗೆ ಅಕ್ಷರವನ್ನೂ ಒರಸಿತು. ವೈಯಾಕರಣರ ಪರಿಭಾಷೆಯಲ್ಲಿ ಹೇಳುವುದಾದರೆ, ಲೋಪವಾದೆಡೆಯಲ್ಲಿ ಯಂತ್ರವು ತನ್ನ ಊಹೆಯಿಂದ ಆದೇಶವನ್ನು ತಂದಿಟ್ಟಿತು. ಊಹೆ ಎಷ್ಟೇ ಜಾಣತನದ್ದಾದರೂ ಪಾಠವಲ್ಲ.

‘ಲೆಟ್ ಇಟ್ ಬಿ’ಯ ಜೀರ್ಣೋದ್ಧಾರದಲ್ಲಿ ಈ ತಪ್ಪು ಬಹುಮಟ್ಟಿಗೆ ತಿದ್ದಲ್ಪಟ್ಟಿದೆ. ಇಲ್ಲಿ ಕಣವು ಉಳಿದಿದೆ. ನೋಡುತ್ತಿರುವುದು ಫಿಲ್ಮೆಂಬ ಭಾವವು ತಪ್ಪುವುದಿಲ್ಲ. ಟ್ವಿಕನ್‌ಹ್ಯಾಮಿನ ಹಿನ್ನೆಲೆಯ ಪರದೆಯ ಮೇಲೆ ಚೆಲ್ಲಿದ ಬಣ್ಣದ ಬೆಳಕು ಹಳೆಯ ನಕಲುಗಳಲ್ಲಿ ಕೆಸರಿನಂತಿದ್ದುದು, ಈಗ ಬಣ್ಣವಾಗಿಯೇ ಕಾಣುತ್ತದೆ. ಇನ್ನೂ ಕೆಲವೆಡೆ ಯಂತ್ರದ ಕೈ ಸೋಂಕಿದೆಯೆಂದು ಹಟದಿಂದ ವಾದಿಸುವವರುಂಟು. ಅವರ ಹಟವು ಅತಿಯೆನಿಸಿದರೂ ಇರಲಿ. ಇಂಥವರ ಕಾವಲು ಇಲ್ಲದಿದ್ದರೆ ನುಣುಪೇ ಶುದ್ಧಿಯೆಂದು ಎಲ್ಲರೂ ಒಪ್ಪಿಬಿಡುತ್ತಿದ್ದರು.

ಶಬ್ದದ ವಿಚಾರವು ಇದಕ್ಕಿಂತ ಗಹನವಾದುದು. ಅಭಿಮಾನಿಗಳು ಅದನ್ನು ಸಾಕಷ್ಟು ಆಲೋಚಿಸಿದಂತೆ ತೋರದು. ‘ಮಲ್’ ಎಂದು ಹೆಸರಿಟ್ಟ ಒಂದು ಗಣಕವಿಧಾನವನ್ನು ಜ್ಯಾಕ್ಸನ್ನನ ತಂಡದವರು ಕಟ್ಟಿದರು. ಮಂಡಲಿಯ ಸೇವಕನಾಗಿದ್ದ ಮಲ್ ಇವಾನ್ಸ್ ಎಂಬಾತನ ಸ್ಮರಣೆ ಆ ಹೆಸರಿನಲ್ಲಿದೆ. ಒಂದೇ ಧ್ವನಿಪಟ್ಟಿಯಲ್ಲಿ ಕಲಸಿಹೋದ ಮಾತು, ಗಿಟಾರು, ಮದ್ದಳೆಗಳನ್ನು, ಹಾಲುನೀರನ್ನು ಹಂಸವು ಬೇರ್ಪಡಿಸುತ್ತದೆಂಬ ಕವಿಸಮಯದಂತೆ, ಇದು ವಿಂಗಡಿಸುವುದು. ಹಳೆಯ ಚಿತ್ರದ ಶಬ್ದವನ್ನೂ ಈ ವಿಧಾನದಿಂದಲೇ ಶುಚಿಗೊಳಿಸಿದ್ದಾರೆ. ಹಾಡಿನ ಸ್ಪಷ್ಟತೆಗೆ ಇದರಿಂದ ಆದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಂದು ಸಂಗತಿಯುಂಟು. ತಮ್ಮ ಸ್ವಂತ ಮಾತುಗಳು ಧ್ವನಿಯಂತ್ರಕ್ಕೆ ಸಿಕ್ಕಬಾರದೆಂದು ಆ ಗಾಯಕರು ಕೆಲವು ವೇಳೆ ಬೇಕೆಂದೇ ಗಿಟಾರನ್ನು ಗಟ್ಟಿಯಾಗಿ ಮೀಟುತ್ತ ಮಾತನಾಡುತ್ತಿದ್ದರಂತೆ. ಇದನ್ನು ಜ್ಯಾಕ್ಸನ್ನನೇ ಹೇಳಿದ್ದಾನೆ. ಆ ಗಿಟಾರಿನ ಸದ್ದು ಕೊಳೆಯೆ? ಅದೊಂದು ಪರದೆ, ಎಳೆದವರು ಅದರೊಳಗಿದ್ದವರೇ. ಐವತ್ತು ವರ್ಷಗಳ ಮೇಲೆ, ನಾಲ್ವರಲ್ಲಿ ಇಬ್ಬರು ಇಲ್ಲದಿರುವಾಗ, ಆ ಪರದೆಯನ್ನು ಸರಿಸಿದರು. ಉಳಿದಿಬ್ಬರ ಮತ್ತು ಮಡಿದವರ ಕುಟುಂಬಗಳ ಒಪ್ಪಿಗೆಯಿದ್ದಿತೆಂಬುದು ಸಮಾಧಾನದ ಮಾತು, ಪೂರ್ಣ ಸಮಾಧಾನವಲ್ಲ. ಇದು ‘ಗೆಟ್ ಬ್ಯಾಕ್’ನ ಮೇಲೆ ಹೊರಿಸಬೇಕಾದ ಋಣ. ಹಳೆಯ ಚಿತ್ರವು, ತನ್ನ ಕಾಲದ ಯಂತ್ರದ ಮಿತಿಯಿಂದಲೋ ನಿರ್ದೇಶಕನ ಸಂಕೋಚದಿಂದಲೋ, ಮರೆಯಲ್ಲಿ ಆಡಿದ ಮಾತನ್ನು ಮರೆಯಲ್ಲಿಯೇ ಬಿಟ್ಟಿದೆ. ಆ ಸಭ್ಯತೆಯನ್ನು ಜೀರ್ಣೋದ್ಧಾರವು ಕೆಡಿಸಿಲ್ಲವೆಂಬುದೇ ಅದರ ದೊಡ್ಡ ಗುಣ.

ಒಂದು ದೋಷವನ್ನು ಮಾತ್ರ ಹೇಳಲೇಬೇಕು. ಚಿತ್ರದ ಮುಂದುಗಡೆ ಲಿಂಡ್ಸೆ-ಹಾಗ್ ಮತ್ತು ಜ್ಯಾಕ್ಸನ್ನರ ಸಂಭಾಷಣೆಯೊಂದನ್ನು ಜೋಡಿಸಿದ್ದಾರೆ. 1940ರಲ್ಲಿ ಜನಿಸಿದ ನಿರ್ದೇಶಕನು ತನ್ನ 84ನೆಯ ವಯಸ್ಸಿನಲ್ಲಿ ತನ್ನ ಕೃತಿಗೆ ನ್ಯಾಯ ದೊರೆತುದನ್ನು ಕಂಡು ಆಡುವ ಮಾತುಗಳು ಕೇಳತಕ್ಕವು, ಅದರಲ್ಲಿ ಸಂದೇಹವಿಲ್ಲ. ಆದರೆ ಅವುಗಳ ಸ್ಥಾನವು ಚಿತ್ರದ ಕೊನೆಯಲ್ಲಿ. ವಿವರಣೆಯಿಲ್ಲದೆ ನೋಡಲೆಂದು ಮಾಡಿದ ಕೃತಿಯ ಬಾಗಿಲಿನಲ್ಲಿಯೇ, ಇದನ್ನು ಹೀಗೆ ತಿಳಿಯಿರಿ, ಇದು ದುಃಖದ ಚಿತ್ರವಲ್ಲ ಎಂದು ಹೇಳಿ ಒಳಗೆ ಬಿಡುವುದು, ಕಾವ್ಯವನ್ನು ಓದುವ ಮೊದಲು ವಿದ್ಯಾರ್ಥಿಗೆ ಪ್ರಶ್ನೋತ್ತರಮಾಲೆಯನ್ನು ಕೊಟ್ಟಂತೆ. 1970ರ ಪ್ರೇಕ್ಷಕನು ವಿರಹದ ಸುದ್ದಿಯನ್ನು ಕಿವಿಯಲ್ಲಿಟ್ಟುಕೊಂಡು ಒಳಹೊಕ್ಕನು. 2024ರವನು ಸಮಾಧಾನದ ಮಾತನ್ನು ಕಿವಿಯಲ್ಲಿಟ್ಟುಕೊಂಡು ಹೋಗುತ್ತಾನೆ. ಇಬ್ಬರಿಗೂ ಚಿತ್ರವು ಒಂಟಿಯಾಗಿ ಸಿಕ್ಕಲಿಲ್ಲ. ಅದರ ಜೊತೆಗೆ 1970ರ ಪ್ರೇಕ್ಷಕರು ಕೇಳಿದ ಶಬ್ದಪಾಠವನ್ನು, ಶುಚಿಗೊಳಿಸಿದ ಪಾಠದ ಪಕ್ಕದಲ್ಲಿ, ಪಾಠಾಂತರವಾಗಿಯಾದರೂ ಇಡಬೇಕು. ಬೇಕಾದವರು ಅದನ್ನು ಕೇಳಲಿ, ಬೇಡದವರು ಬಿಡಲಿ.